ಒಂದೇ ತೊಟ್ಟಿ, ಎರಡು ದೇಶದ ಆಮೆ

2023ರ ಜನವರಿಯಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿಳಿದ ಮೂವರ ಸಾಮಾನನ್ನು ಕಂದಾಯ ಗುಪ್ತಚರ ಅಧಿಕಾರಿಗಳು ಬಿಚ್ಚಿಸಿದಾಗ 18 ಜೀವಂತ ಪ್ರಾಣಿಗಳು ಸಿಕ್ಕವು. ನಾಲ್ಕು ಮಂಗನ ಬಳಗದವು, ಮಿಕ್ಕ 14 ಸರೀಸೃಪಗಳು. ಅದೇ ಜಾಡು ಹಿಡಿದು ಬೆಂಗಳೂರಿನ ಒಂದು ತೋಟದ ಮನೆಗೆ ಹೋದರೆ ಅಲ್ಲಿ 48 ಜಾತಿಯ 139 ಪ್ರಾಣಿಗಳಿದ್ದವು. ಹಸಿರು ಅನಕೊಂಡ, ಹಳದಿ ಅನಕೊಂಡ, ನೈಲ್ ಉಡ, ಕೆಂಪು ಕಾಲಿನ ಆಮೆ, ಇಗ್ವಾನಾ, ಬಾಲ್ ಪೈಥಾನ್, ತಲೆಯ ಮೇಲೆ ಕಿರೀಟದಂಥ ಏಣು ಇರುವ ಯೆಮನ್ ಕಡೆಯ ಗೋಸುಂಬೆ, ಅವುಗಳ ಜೊತೆಗೆ ಗಿಳಿಗಳು, ಮಂಗಗಳು. ಎಲ್ಲವನ್ನೂ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಸಾಗಿಸಿದರು.

ಪತ್ರಿಕೆಗಳಲ್ಲಿ ಅದು ಕಳ್ಳಸಾಗಣೆಯ ಸುದ್ದಿಯಾಗಿ ಬಂತು, ಸರಿಯೇ. ನಾನು ಆ ಪಟ್ಟಿಯನ್ನು ಹವಾಮಾನದ ಪಟ್ಟಿಯಾಗಿ ಓದಿಕೊಂಡೆ. ಹಸಿರು ಅನಕೊಂಡ ದಕ್ಷಿಣ ಅಮೆರಿಕದ ಜೌಗಿನ ಹಾವು, ಮೈ ನೀರಲ್ಲಿ ಮುಳುಗಿಸಿಕೊಂಡೇ ಇರಬೇಕು. ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ ಹುಲ್ಲುಗಾವಲಿನದು, ಹಗಲೆಲ್ಲ ಬಿಲದಲ್ಲಿ ಸುರುಳಿ ಸುತ್ತಿಕೊಂಡು ರಾತ್ರಿ ಹೊರಗೆ ಬರುತ್ತದೆ. ಆ ಗೋಸುಂಬೆ ಗಿಡದ ಎಲೆಯ ಮೇಲೆ ನಿಂತ ಹನಿಯನ್ನು ನೆಕ್ಕುತ್ತದೆ, ಬಟ್ಟಲಿನಲ್ಲಿ ನೀರಿಟ್ಟರೆ ಅದನ್ನು ನೀರೆಂದೇ ಗುರುತಿಸದೆ ಒಣಗಿ ಸಾಯಬಹುದು. ನೈಲ್ ಉಡ ಆಫ್ರಿಕದ ನದಿ ದಂಡೆಯಲ್ಲಿ ಮೊಸಳೆಯ ಮೊಟ್ಟೆ ಕದ್ದು ತಿಂದು ಬೆಳೆಯುವಂಥದ್ದು. ಮೂರು ಖಂಡಗಳ ಪ್ರಾಣಿಗಳು ಬೆಂಗಳೂರಿನ ಒಂದು ಸೂರಿನಡಿ ಬಂದು ಕೂತಿದ್ದವು.

ಅಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ ಇದೇ ಕೆಲಸ ಸಣ್ಣದಾಗಿ ನಮ್ಮ ಕಡೆಯ ಮನೆಗಳಲ್ಲೂ ಶುರುವಾಗಿದೆ. ಉಗರಗೋಳದಲ್ಲಿ ನಮ್ಮ ಸಂಬಂಧಿಕರ ಹುಡುಗನೊಬ್ಬ ಹುಬ್ಬಳ್ಳಿಯ ಮೀನಿನ ಅಂಗಡಿಯಿಂದ ಎರಡು ಹಸಿರು ಆಮೆ ಮರಿ ತಂದು ಗಾಜಿನ ತೊಟ್ಟಿಯಲ್ಲಿ ಬಿಟ್ಟಿದ್ದ. ಕಣ್ಣಿನ ಹಿಂದೆ ಕುಂಕುಮದ ಗೆರೆ ಎಳೆದಂತಿರುವ, ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಮಳೆಗಾಲದಲ್ಲಿ ಹೊಲದ ಬದಿಯ ಹಳ್ಳದಿಂದ ನಮ್ಮದೇ ನಾಡಿನ ಮೆದು ಚಿಪ್ಪಿನ ಆಮೆಯೊಂದನ್ನು ಹಿಡಿದು ತಂದು ಅದನ್ನೂ ಅದೇ ನೀರಿಗೆ ಬಿಟ್ಟ. ಯಾರೋ ಒಂದು ನಕ್ಷತ್ರ ಆಮೆ ಕೊಡುತ್ತೇನೆಂದು ಆಸೆ ಹಚ್ಚಿದ್ದರು. ಅದಕ್ಕೆ ತೊಟ್ಟಿಯ ಒಂದು ಮೂಲೆಯಲ್ಲಿ ಉಸುಕು ಹಾಕಿ ಜಾಗ ಮಾಡಿದರೆ ಆದೀತೇ ಎಂದು ನನ್ನನ್ನು ಕೇಳಿದ. ಬೇಡ ಅಂದೆ. ಅವನು ಸುಮ್ಮನಾಗಲಿಲ್ಲ.

"ಮಾಮಾ, ನಮ್ಮ ಹೊಲದಾಗ ಹಾವು, ಉಡ, ಓತಿಕ್ಯಾತ, ಆಮಿ ಎಲ್ಲಾ ಇರ್ತಾವಲ್ಲ. ಅಲ್ಲೆ ಕೂಡಿ ಇರೂವು ಇಲ್ಲ್ಯಾಕ ಇರಂಗಿಲ್ಲ?"

ಒಳ್ಳೆಯ ಪ್ರಶ್ನೆ. ಸರೀಸೃಪ ಸಾಕುವವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ಉತ್ತರ ಅವನ ಹೊಲದಲ್ಲೇ ಇದೆ.

ಉಗರಗೋಳ ಇರುವುದು ಸವದತ್ತಿಯ ಯಲ್ಲಮ್ಮನ ಗುಡ್ಡದ ಬುಡದಲ್ಲಿ. ಒಂದು ಕಡೆ ಕಲ್ಲಿನ ಗುಡ್ಡ, ಇನ್ನೊಂದು ಕಡೆ ಎರೆ ಹೊಲ, ಅದರಾಚೆ ಮಲಪ್ರಭೆಯ ನೀರು. ಬೇಸಿಗೆಯ ಮಧ್ಯಾಹ್ನ ಬೇಲಿಯ ಜಾಲಿ ಕಂಟಿಯ ಮೇಲೆ ಓತಿಕ್ಯಾತ ಕತ್ತು ಕೆಂಪು ಮಾಡಿಕೊಂಡು ಬಿಸಿಲಿಗೆ ಮೈ ಒಡ್ಡಿರುತ್ತದೆ. ಅದೇ ಹೊತ್ತಿಗೆ ನಾಗರಹಾವು ಇಲಿ ಬಿಲದ ತಂಪಿನಲ್ಲಿರುತ್ತದೆ, ಹೊತ್ತು ಇಳಿದ ಮೇಲೆ ಹೊರಬೀಳುತ್ತದೆ. ಕೆರೆಹಾವು ಹಗಲಿನದು, ಬದುವಿನ ಗುಂಟ ಹರಿದಾಡುತ್ತದೆ. ಹಾವರಾಣಿ ಒಣಗಿದ ಎಲೆಯಡಿ, ಹಲ್ಲಿ ದೀಪದ ಹತ್ತಿರ, ಉಡ ಕಲ್ಲು ಗುಡ್ಡೆಯ ಸಂದಿಯಲ್ಲಿ. ಮೆದು ಚಿಪ್ಪಿನ ಆಮೆ ಹಳ್ಳದ ನೀರಿದ್ದಷ್ಟು ದಿನ ನೀರಲ್ಲಿದ್ದು, ಹಳ್ಳ ಬತ್ತಿದರೆ ಕೆಸರಿನೊಳಗೆ ಹುಗಿದುಕೊಂಡು ಮುಂದಿನ ಮಳೆಯ ತನಕ ಕಾಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ವೇಳೆ, ಒಂದೊಂದು ಎತ್ತರ, ಒಂದೊಂದು ಋತು. ಅವು ಎದುರುಬದುರಾದ ಗಳಿಗೆಯಲ್ಲಿ ಎರಡೇ ದಾರಿ: ಒಂದು ಓಡುತ್ತದೆ ಅಥವಾ ಒಂದು ಇನ್ನೊಂದನ್ನು ತಿನ್ನುತ್ತದೆ. ನಾಗರಹಾವು ಸಣ್ಣ ಹಾವುಗಳನ್ನು ನುಂಗುತ್ತದೆ, ಕಟ್ಟುಹಾವಿನ ಊಟದಲ್ಲೂ ಬೇರೆ ಹಾವುಗಳು ಸೇರಿವೆ, ಉಡ ಸಿಕ್ಕವರ ಮೊಟ್ಟೆಯನ್ನೆಲ್ಲ ತಿನ್ನುತ್ತದೆ. ಹೊಲದಲ್ಲಿ ಅವು ಕೂಡಿ ಬಾಳುತ್ತಿಲ್ಲ, ಒಂದರ ಕಣ್ಣಿಗೆ ಒಂದು ಬೀಳದಂತೆ ಬಾಳುತ್ತಿವೆ. ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಓಡುವುದಾದರೂ ಎಲ್ಲಿಗೆ?

ನಾನು ಚಿಕ್ಕವನಿದ್ದಾಗ ಪಂಚಮಿಯ ಹೊತ್ತಿಗೆ ಬರುತ್ತಿದ್ದ ಹಾವಾಡಿಗರಿಗೆ ಇದು ಗೊತ್ತಿತ್ತು. ಹಾವಿನ ಹಲ್ಲು ಕಿತ್ತು, ಉಪವಾಸ ಕೆಡವಿ ಅವರು ಮಾಡುತ್ತಿದ್ದುದು ಘೋರ ಹಿಂಸೆ. ಅಂಥವರು ಕೂಡ ನಾಗರವನ್ನೂ ಕೆರೆಹಾವನ್ನೂ ಒಂದೇ ಬುಟ್ಟಿಯಲ್ಲಿ ಹಾಕುತ್ತಿರಲಿಲ್ಲ, ಬುಟ್ಟಿಗೊಂದು ಹಾವು ಇಟ್ಟುಕೊಂಡೇ ತಿರುಗುತ್ತಿದ್ದರು. ಮಲೆನಾಡಿನ ಕಾಳಿಂಗ ಸರ್ಪದ ಮಾತಂತೂ ಬೇರೆಯೇ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ವೈಜ್ಞಾನಿಕ ಹೆಸರಿನೊಳಗೆ ಸೇರಿಸಿದ್ದಾರೆ. ಅದರ ಮುಖ್ಯ ಆಹಾರ ಬೇರೆ ಹಾವುಗಳು. ಆಗುಂಬೆಯ ಕಾಡಿನಲ್ಲಿ ಗಂಡು ಕಾಳಿಂಗ ಹೆಣ್ಣು ಕಾಳಿಂಗವನ್ನೇ ಕೊಂದದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಒಂದೇ ಜಾತಿಯೊಳಗೆ ಹೀಗಿರುವಾಗ ಬೇರೆ ಬೇರೆ ಜಾತಿಯವನ್ನು ಜೊತೆಗಿಟ್ಟು "ರೂಢಿ ಆಗ್ತಾವ ಬಿಡ್ರಿ" ಅನ್ನುವುದಕ್ಕೆ ಆಧಾರವೇ ಇಲ್ಲ.

ಆಮೆ, ಹಲ್ಲಿ, ಹಾವುಗಳಿಗೆ ಮೈಯೊಳಗೆ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಇಲ್ಲ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ. ಅದರ ಪರಿಣಾಮ ಮಾತ್ರ ಅಷ್ಟಾಗಿ ತಲೆಗೆ ಹೋಗಿರುವುದಿಲ್ಲ. ರೊಟ್ಟಿ ಬೇಯಬೇಕಾದರೆ ಹಂಚು ಕಾಯಬೇಕು, ಹಾಗೆಯೇ ಹಾವಿನ ಹೊಟ್ಟೆಯಲ್ಲಿ ಇಲಿ ಅರಗಬೇಕಾದರೆ ಹೊರಗಿನ ಕಾವು ಬೇಕು. ಕಾವು ಸಾಲದಿದ್ದರೆ ತಿಂದದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ, ರೋಗದ ವಿರುದ್ಧ ದೇಹ ಹೋರಾಡುವುದು ನಿಧಾನವಾಗುತ್ತದೆ, ಮೊಟ್ಟೆ ಕಟ್ಟುವುದು ನಿಲ್ಲುತ್ತದೆ. ಹಾಗಾಗಿ ಈ ಪ್ರಾಣಿ ದಿನವಿಡೀ ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಜಾಗ ಬದಲಿಸುತ್ತಲೇ ಇರುತ್ತದೆ. ಒಂದು ತೊಟ್ಟಿ ಕೊಡಬಲ್ಲದ್ದು ಒಂದು ಬಿಸಿ ಮೂಲೆ, ಒಂದು ತಂಪು ಮೂಲೆ. ಆಸ್ಟ್ರೇಲಿಯದ ಒಳನಾಡಿನ ಬಿಯರ್ಡೆಡ್ ಡ್ರ್ಯಾಗನ್ ಕೂರುವ ಕಲ್ಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು, ಹಗಲಿನ ಪ್ರಖರ ಬೆಳಕು ಬೇಕು. ಅದರ ಜೊತೆಗೆ ಹೆಚ್ಚಾಗಿ ಮಾರುವ ಲೆಪರ್ಡ್ ಗೆಕ್ಕೊ ಪಾಕಿಸ್ತಾನ, ಅಫ್ಘಾನಿಸ್ತಾನದ ಕಲ್ಲುಗುಡ್ಡಗಳ ಸಂಜೆಯ ಹಲ್ಲಿ, ಅದಕ್ಕೆ ಹೊಟ್ಟೆಯಡಿಯ ನೆಲ 32 ಡಿಗ್ರಿಯ ಆಸುಪಾಸು ಇದ್ದರೆ ಸಾಕು. ಇಗ್ವಾನಾಕ್ಕೆ ಒದ್ದೆ ಗಾಳಿ ಮತ್ತು ಮರದ ಎತ್ತರ ಬೇಕು. ನಕ್ಷತ್ರ ಆಮೆ ಕೋಲಾರ ಮತ್ತು ಆಂಧ್ರದ ಗಡಿಯ ಒಣ ಕುರುಚಲಿನದು, ಅದನ್ನು ತೇವದ ಮೂಲೆಯಲ್ಲಿಟ್ಟರೆ ಮೂಗು ಸೋರಿ ನ್ಯುಮೋನಿಯಾ ಹಿಡಿಯುತ್ತದೆ. ಇಬ್ಬರಿಗೂ ಹೊಂದಲಿ ಎಂದು ನಡುವಿನ ಒಂದು ಕಾವು ಇಟ್ಟರೆ ಒಂದಕ್ಕೆ ಸೆಕೆ, ಇನ್ನೊಂದಕ್ಕೆ ಚಳಿ, ಎರಡಕ್ಕೂ ರೋಗ.

ಬೆಳಕಿನದೂ ಇದೇ ಕಥೆ. ಆಮೆಯ ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು, ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ವಿಟಮಿನ್ ಬೇಕು, ಆ ವಿಟಮಿನ್ ತಯಾರಾಗಲು ಬಿಸಿಲಿನ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ಕಿಟಕಿಯೊಳಗಿನ ಎಳೆ ಬಿಸಿಲಲ್ಲಿ ತೊಟ್ಟಿ ಇಟ್ಟಿದ್ದೇವೆ, ಸಾಕಲ್ಲ ಅನ್ನುವವರು ಇದನ್ನು ಗಮನಿಸಬೇಕು. ಹಾಗೆಂದು ಸವದತ್ತಿಯ ಏಪ್ರಿಲ್ ಬಿಸಿಲಿಗೆ ಗಾಜಿನ ತೊಟ್ಟಿಯನ್ನು ಅಂಗಳದಲ್ಲಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಳಗಿನ ನೀರು ಕಾದು ಪ್ರಾಣಿ ಬೆಂದುಹೋಗುತ್ತದೆ.

ಹುಡುಗನ ತೊಟ್ಟಿಯನ್ನು ನಾನು ಬಗ್ಗಿ ನೋಡಿದ್ದೆ. ಒಂದೇ ಒಂದು ಒಣ ಕಲ್ಲು, ಅದರ ಮೇಲೆ ಬಲ್ಬು. ದೊಡ್ಡ ಸ್ಲೈಡರ್ ಹಿಂಗಾಲು ಚಾಚಿ, ಬೆರಳ ನಡುವಿನ ತೊಗಲನ್ನು ಬಿಡಿಸಿಕೊಂಡು ಬಲ್ಬಿನಡಿ ಮಲಗಿತ್ತು. ಚಿಕ್ಕದು ಅದರ ಬೆನ್ನ ಮೇಲೆ ಅರ್ಧ ಹತ್ತಿತ್ತು. "ನೋಡ್ರಿ, ಎಷ್ಟ ಪ್ರೀತೀಲೆ ಒಂದರ ಮ್ಯಾಲೊಂದು ಕುಂತಾವ" ಎಂದು ಮನೆಯವರೆಲ್ಲ ಹೇಳಿದರು. ಜಗತ್ತಿನಾದ್ಯಂತ ಸಾಕುವವರನ್ನು ದಾರಿ ತಪ್ಪಿಸುವ ನೋಟವೆಂದರೆ ಇದೇ. ಕೆಳಗಿನದಕ್ಕೆ ಬೆಳಕು ಮುಚ್ಚಿಹೋಗಿರುತ್ತದೆ, ಮೇಲಿನದು ಕಾವಿನ ಹತ್ತಿರದ ಜಾಗ ಗೆದ್ದಿರುತ್ತದೆ. ಅದು ಜಾಗಕ್ಕಾಗಿ ನಡೆದ ಜಗಳ, ಸದ್ದಿಲ್ಲದ ಜಗಳ. ನಮ್ಮ ಹಳ್ಳದ ಆಮೆ ಎಲ್ಲೂ ಕಾಣಲಿಲ್ಲ. ತಳದ ಹರಳನ್ನು ಕೈಯಿಂದ ಸರಿಸಿದರೆ ಒಂದು ಮೂಲೆಯಲ್ಲಿ ಮೈ ಹುದುಗಿಸಿಕೊಂಡು ಕೂತಿತ್ತು. ಎತ್ತಿದ ಕೂಡಲೇ ಕತ್ತು ಒಳಗೆಳೆದುಕೊಂಡು, ಹಿಂಗಾಲುಗಳನ್ನು ಹೊಟ್ಟೆಯ ಕಡೆಯ ತೊಗಲಿನ ಮುಚ್ಚಳದೊಳಗೆ ಸೇರಿಸಿಕೊಂಡಿತು. ಆ ಮುಚ್ಚಳದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ತೊಗಲು ಹರಿದು, ಸುತ್ತ ಬೆಳ್ಳಗೆ ಹತ್ತಿಯಂಥ ಬೂಸ್ಟು ಕಟ್ಟಿತ್ತು. ಸ್ಲೈಡರ್‌ಗೆ ಗಟ್ಟಿ ಚಿಪ್ಪು, ಚೂಪು ದವಡೆ. ಇದಕ್ಕೆ ಚಿಪ್ಪಿನ ಮೇಲೂ ತೊಗಲೇ. ಕೆಸರೇ ಇಲ್ಲದ ತಳದಲ್ಲಿ ಹರಳುಕಲ್ಲನ್ನು ಕೆದರಿ ಕೆದರಿ ಹೊಟ್ಟೆಯ ಕಡೆಯೂ ಕೆಂಪಗಾಗಿತ್ತು.

ಈ ಜಾಗದ ಜಗಳವನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಫ್ರಾನ್ಸ್‌ನ ಕಾದಿ ಮತ್ತು ಜೋಲಿ ಎಂಬ ಇಬ್ಬರು ಯುರೋಪಿನ ಹೊಂಡದ ಆಮೆಗಳನ್ನು ಸ್ಲೈಡರ್ ಜೊತೆಗೆ ಬಯಲಿನ ಹೊಂಡಗಳಲ್ಲಿ ಬಿಟ್ಟು ಗಮನಿಸಿದರು. ಸ್ಲೈಡರ್‌ಗಳು ಬಿಸಿಲು ಕಾಯಿಸುವ ಒಳ್ಳೆಯ ಜಾಗಗಳನ್ನು ಹಿಡಿದುಕೊಂಡವು. ಮೂರು ವರ್ಷ ನಡೆದ ಪ್ರಯೋಗದಲ್ಲಿ ಜೊತೆಗಿದ್ದ ಸ್ಥಳೀಯ ಆಮೆಗಳು ತೂಕ ಕಳೆದುಕೊಂಡವು, ಹೆಚ್ಚು ಸತ್ತವು. 2003 ಮತ್ತು 2004ರಲ್ಲಿ ಪ್ರಕಟವಾದ ಈ ಅಧ್ಯಯನ ನಡೆದದ್ದು ಹೊಂಡಗಳಲ್ಲಿ. ತೊಟ್ಟಿಯ ಸ್ಥಿತಿಯನ್ನು ಓದುಗರೇ ಊಹಿಸಿಕೊಳ್ಳಬಹುದು.

ಸರೀಸೃಪಗಳ ಸಂಕಟ ನಮಗೆ ಕಾಣದಿರುವುದಕ್ಕೆ ಕಾರಣವಿದೆ. ನಾಯಿ ಕುಂಯ್‌ಗುಡುತ್ತದೆ, ಎಮ್ಮೆ ಮೇವು ಬಿಡುತ್ತದೆ, ಅದೇ ದಿನ ನಮಗೆ ತಿಳಿಯುತ್ತದೆ. ಆಮೆ ವಾರಗಟ್ಟಲೆ ತಿನ್ನದೆ ಇರಬಲ್ಲದು, ಹಾವು ತಿಂಗಳುಗಟ್ಟಲೆ. ದುರ್ಬಲವಾದದ್ದು ಗೊತ್ತಾದರೆ ಬೇಟೆಗಾರನಿಗೆ ಸಿಕ್ಕಿಬೀಳುತ್ತೇನೆ ಎಂಬಂತೆ ಅವು ಕೊನೆಯ ತನಕ ಕಾಯಿಲೆಯನ್ನು ಮರೆಮಾಚುತ್ತವೆ. "ಆರು ತಿಂಗಳಾತು, ಎರಡೂ ಚಂದ ಅದಾವ" ಎಂಬ ಮಾತನ್ನು ನಾನು ಅದಕ್ಕೇ ನಂಬುವುದಿಲ್ಲ. ತೂಕ ಬರೆದಿಟ್ಟಿದ್ದೀರಾ ಎಂದು ಕೇಳುತ್ತೇನೆ. ಯಾವುದು ಎಷ್ಟು ತಿಂದಿತು, ಯಾವುದರ ಹೇಲು ಯಾವುದು ಎಂಬುದೇ ಜೊತೆಗಿಟ್ಟವರಿಗೆ ಗೊತ್ತಿರುವುದಿಲ್ಲ. ಸ್ಲೈಡರ್‌ಗೆ ಹಾಕುವ ಪ್ರೋಟೀನಿನ ಗುಳಿಗೆಯನ್ನು ಹುಲ್ಲು, ಸೊಪ್ಪು ತಿಂದು ಬದುಕಬೇಕಾದ ನಕ್ಷತ್ರ ಆಮೆ ಮುಕ್ಕಿದರೆ ಅದರ ಮೂತ್ರಪಿಂಡದ ಮೇಲೆ ಭಾರ ಬೀಳುತ್ತದೆ. ಆಳದ ನೀರಿಗೆ ಜಾರಿದರೆ ಈಜು ಬಾರದೆ ಮುಳುಗಿ ಸಾಯುತ್ತದೆ.

ಇಷ್ಟಾದರೂ ಜಾಗ ದೊಡ್ಡದು ಮಾಡಿದರೆ, ಬಲ್ಬು ಎರಡು ಹಾಕಿದರೆ, ಊಟ ಬೇರೆ ಕೊಟ್ಟರೆ ಆದೀತು ಎಂದು ಯಾರಾದರೂ ವಾದಿಸಬಹುದು. ಆ ವಾದ ನಿಲ್ಲದಿರುವುದು ಕಣ್ಣಿಗೆ ಕಾಣದ ಜೀವಿಗಳ ಮುಂದೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಗಂಭೀರವಾದ ಕಾರಣ ಇದು.

ಎಂಟಮೀಬಾ ಇನ್ವೇಡೆನ್ಸ್ ಎಂಬ ಒಂದು ಏಕಕೋಶ ಜೀವಿ ಇದೆ. ಮನುಷ್ಯರಿಗೆ ಆಮಶಂಕೆ ತರುವ ಅಮೀಬಾದ ದಾಯಾದಿ. ಬೆಲ್ಜಿಯಂನ ರೊಧಾಂ 1934ರಲ್ಲಿ ಅದಕ್ಕೆ ಹೆಸರಿಟ್ಟರು. ಅನೇಕ ಆಮೆಗಳ ಕರುಳಿನಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ಇದ್ದುಬಿಡುತ್ತದೆ. ಆಮೆ ತಿನ್ನುತ್ತದೆ, ಓಡಾಡುತ್ತದೆ, ನೋಡಲು ಆರೋಗ್ಯವಾಗಿರುತ್ತದೆ, ಹೇಲಿನ ಜೊತೆಗೆ ಅದರ ಕೋಶಗಳನ್ನು ನೀರಿಗೆ ಬಿಡುತ್ತಿರುತ್ತದೆ. ಅದೇ ನೀರನ್ನು ಹಾವು ಕುಡಿದರೆ ಕಥೆ ಬೇರೆ. ಹಾವಿನ ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ಕಿತ್ತುಬರುತ್ತದೆ, ಅಲ್ಲಿಂದ ರೋಗ ಪಿತ್ತಜನಕಾಂಗಕ್ಕೆ ಏರುತ್ತದೆ, ಹಾವು ತಿನ್ನುವುದು ಬಿಟ್ಟು ರಕ್ತ ಮಿಶ್ರಿತ ಲೋಳೆ ಕಕ್ಕಸು ಮಾಡಿ ಕೆಲವೇ ವಾರಗಳಲ್ಲಿ ಸಾಯುತ್ತದೆ. ಉಡದಂಥ ದೊಡ್ಡ ಹಲ್ಲಿಗಳಿಗೂ ಇದು ಮಾರಕ. ಜೊತೆಗಿಡಬೇಕೆಂದೇ ಇಲ್ಲ, ಆಮೆಯ ತೊಟ್ಟಿ ತೊಳೆದ ಬ್ರಷ್ಷಿನಿಂದಲೇ ಹಾವಿನ ಬಟ್ಟಲು ತೊಳೆದರೂ ಸಾಕು. ಇಲ್ಲಿ ಯಾರೂ ಯಾರನ್ನೂ ಕಚ್ಚಿಲ್ಲ, ಜಗಳವೂ ಆಗಿಲ್ಲ. ಸಾಕಿದವರಿಗೆ ಹಾವು ಯಾಕೆ ಸತ್ತಿತೆಂದೇ ತಿಳಿಯುವುದಿಲ್ಲ, ಆಮೆಯ ಮೇಲೆ ಅನುಮಾನ ಬರುವುದೇ ಇಲ್ಲ.

ಇದೊಂದೇ ಉದಾಹರಣೆಯಾಗಿದ್ದರೆ ಅಪವಾದ ಅನ್ನಬಹುದಿತ್ತು. ಬೋವಾ ಹಾವುಗಳಲ್ಲಿ ಬಹುಕಾಲ ಮೌನವಾಗಿ ಕೂತಿರಬಲ್ಲ ಒಂದು ರೋಗವಿದೆ. ಅದೇ ರೋಗ ಹೆಬ್ಬಾವಿನ ಜಾತಿಗೆ ತಗುಲಿದರೆ ನರಗಳ ಮೇಲೆ ಬೀಳುತ್ತದೆ, ಹಾವು ತಲೆ ಹಿಂದಕ್ಕೆ ತಿರುಚಿಕೊಂಡು, ಅಂಗಾತ ಬಿದ್ದರೆ ಮಗುಚಿಕೊಳ್ಳಲೂ ಆಗದೆ ಬೇಗ ಸಾಯುತ್ತದೆ. ಬಹುಕಾಲ ಇದರ ಮೂಲ ಗೊತ್ತಿರಲಿಲ್ಲ, 2012ರಲ್ಲಿ ಅಮೆರಿಕದ ಸಂಶೋಧಕರು ಅರೇನಾ ವೈರಸ್‌ಗಳ ಜಾಡು ಹಿಡಿದರು. ಅನಕೊಂಡ ಬೋವಾ ಕುಟುಂಬದ್ದು, ಬಾಲ್ ಪೈಥಾನ್ ಹೆಬ್ಬಾವಿನ ಕುಟುಂಬದ್ದು. ಬೆಂಗಳೂರಿನ ಆ ತೋಟದ ಮನೆಯ ಪಟ್ಟಿಯಲ್ಲಿ ಎರಡೂ ಇದ್ದವು. ಭೂಮಧ್ಯ ಸಮುದ್ರದ ಸುತ್ತಲಿನ ಆಮೆಗಳಲ್ಲಿ ಹರ್ಪಿಸ್ ಜಾತಿಯ ವೈರಸ್ ಒಂದು ಜಾತಿಯಲ್ಲಿ ಅಡಗಿದ್ದು ಇನ್ನೊಂದು ಜಾತಿಗೆ ಹಾರಿ ಗುಂಪಿಗೆ ಗುಂಪೇ ಸಾಯಿಸಿದ ಪ್ರಸಂಗಗಳಿವೆ. ಲಕ್ಷಾಂತರ ವರ್ಷ ಒಂದೇ ಊರಲ್ಲಿ ಬಾಳಿದ ರೋಗಾಣುವೂ ಪ್ರಾಣಿಯೂ ಪರಸ್ಪರ ಹೊಂದಿಕೊಂಡಿರುತ್ತವೆ. ಮಿಸಿಸಿಪ್ಪಿಯ ಆಮೆಗೆ ಹೊಂದಿಕೊಂಡದ್ದು ಮಲಪ್ರಭೆಯ ಆಮೆಗೆ ಹೊಂದಿಕೊಂಡಿರಬೇಕೆಂದಿಲ್ಲ. ಪ್ರಕೃತಿಯಲ್ಲಿ ಎಂದೂ ಭೇಟಿಯಾಗದ ಎರಡು ಪ್ರಾಣಿಗಳನ್ನು ಒಂದೇ ನೀರಿಗೆ ಬಿಟ್ಟಾಗ ನಾವು ಆ ರೋಗಾಣುಗಳಿಗೆ ಸೇತುವೆ ಕಟ್ಟಿಕೊಟ್ಟಂತೆ.

ಮೃಗಾಲಯಗಳಲ್ಲಿ ಮೊಸಳೆಯ ಕೊಳದ ದಂಡೆಯ ಮೇಲೆ ಆಮೆಗಳು ಮಲಗಿರುವುದನ್ನು ನೋಡಿದವರಿದ್ದಾರೆ. ಅಲ್ಲಿ ಆಗುವುದು ಇಲ್ಲೇಕೆ ಆಗದು ಎಂದರೆ, ಮೃಗಾಲಯದವರು ಸಾಮಾನ್ಯವಾಗಿ ಒಂದೇ ನದಿಯಲ್ಲಿ ಒಟ್ಟಿಗೆ ವಾಸಿಸುವ ಜಾತಿಗಳನ್ನೇ ಆರಿಸುತ್ತಾರೆ. ಮನೆಯ ಅಂಗಳಕ್ಕಿಂತ ದೊಡ್ಡ ಜಾಗ, ಹೊಸ ಪ್ರಾಣಿ ಬಂದರೆ ಮೊದಲು ಬೇರೆ ಇಟ್ಟು ಹೇಲು, ರಕ್ತ ಪರೀಕ್ಷೆ, ಸದಾ ಕೈಗೆ ಸಿಗುವ ವನ್ಯಜೀವಿ ವೈದ್ಯರು, ಹೊಂದದಿದ್ದರೆ ಆ ಸಂಜೆಯೇ ಬೇರ್ಪಡಿಸಲು ಖಾಲಿ ಇರುವ ಇನ್ನೊಂದು ಆವರಣ. ಇಷ್ಟಿದ್ದೂ ಅವರಿಗೂ ಪೆಟ್ಟು ಬೀಳುತ್ತದೆ. ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರು ಆಕಳು, ಎಮ್ಮೆ, ಕುರಿಗಳಲ್ಲೇ ಹಗಲು ರಾತ್ರಿ ದುಡಿಯುವವರು. ಆಮೆಗೆ ಎಕ್ಸ್‌ರೇ ತೆಗೆದು ಔಷಧದ ಪ್ರಮಾಣ ಲೆಕ್ಕ ಹಾಕುವ ಅಭ್ಯಾಸ ಅವರಿಗಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಾನೂನಿನ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ನಕ್ಷತ್ರ ಆಮೆ, ಹಳ್ಳದ ಮೆದು ಚಿಪ್ಪಿನ ಆಮೆ, ಉಡ, ಹೆಬ್ಬಾವು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ. ಒಟ್ಟಿಗಿರಲಿ, ಬೇರೆಯಿರಲಿ, ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆವಾಸ, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ನಕ್ಷತ್ರ ಆಮೆ ಮನೆಯಲ್ಲಿದ್ದರೆ ಲಕ್ಷ್ಮಿ ನೆಲೆಸುತ್ತಾಳೆ ಎಂಬ ನಂಬಿಕೆಯನ್ನು ಬಂಡವಾಳ ಮಾಡಿಕೊಂಡು ಮಾರುವವರು ಈ ಭಾಗವನ್ನು ಹೇಳುವುದಿಲ್ಲ. ಆ ಆಮೆಯನ್ನು 2019ರಲ್ಲಿ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಗಿದೆ. ವಿದೇಶಿ ಜಾತಿಗಳ ಪೈಕಿ ಸೈಟಿಸ್ ಪಟ್ಟಿಯಲ್ಲಿರುವ ಬಾಲ್ ಪೈಥಾನ್, ಇಗ್ವಾನಾದಂಥವನ್ನು ಸಾಕಿಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರ ಫೆಬ್ರವರಿಯಲ್ಲಿ ನಿಯಮ ಬಂದಿದೆ. ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಸಣ್ಣದಾಯಿತು. ಹಳ್ಳದ ಆಮೆಯನ್ನು ಮರುದಿನವೇ ಅವರಪ್ಪ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದರು. ಗಾಯ ಇದ್ದುದರಿಂದ, ಅದಕ್ಕಿಂತ ಹೆಚ್ಚಾಗಿ ಸ್ಲೈಡರ್ ಜೊತೆ ಒಂದೇ ನೀರಲ್ಲಿ ಇದ್ದುದರಿಂದ, ತಾವೇ ಹಳ್ಳಕ್ಕೆ ಬಿಡದೆ ಹಾಗೆ ಒಪ್ಪಿಸಿದ್ದು ಒಳ್ಳೆಯದಾಯಿತು. ಆ ಬೂಸ್ಟಿನ ಜೊತೆಗೆ ಇನ್ನೇನನ್ನು ಅದು ಹೊತ್ತಿತ್ತೋ, ಅದು ಹಳ್ಳದ ಉಳಿದ ಆಮೆಗಳಿಗೆ ಹೋಗಬಾರದು.

ಈಗಾಗಲೇ ಎರಡು ಜಾತಿಯನ್ನು ಜೊತೆಗಿಟ್ಟುಕೊಂಡವರು ಮೊದಲು ಬೇರ್ಪಡಿಸಬೇಕು, ಇವತ್ತೇ. ಅಡ್ಡಗೋಡೆಯ ಒಂದೇ ತೊಟ್ಟಿ ಸಾಲದು, ಗಾಳಿ, ನೀರು, ತೇವ ಒಂದೇ ಆಗಿರುತ್ತದೆ. ಎರಡು ತೊಟ್ಟಿ, ಎರಡು ಬ್ರಷ್ಷು, ಎರಡು ಚಿಮಟ, ಎರಡು ನೀರಿನ ಬಕೆಟ್ಟು. ಹಾವು, ಹಲ್ಲಿಗಳ ಕೆಲಸ ಮೊದಲು, ಆಮೆಯ ಕೆಲಸ ಕೊನೆಗೆ, ಹೊಸದಾಗಿ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಹೊಸ ಪ್ರಾಣಿಯನ್ನು ಅದೇ ಜಾತಿಯದ್ದಾದರೂ ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿಡಬೇಕು. ವಾರಕ್ಕೊಮ್ಮೆ ಅಡುಗೆಮನೆಯದಲ್ಲದ ಬೇರೆ ತಕ್ಕಡಿಯಲ್ಲಿ ತೂಗಿ ವಹಿಯಲ್ಲಿ ಬರೆದಿಡಬೇಕು. ಕೈಯನ್ನು ಪ್ರತಿ ಸಲ ಸಾಬೂನು ಹಚ್ಚಿ ತೊಳೆಯಬೇಕು, ಮನೆಯಲ್ಲಿ ಕೂಸು ಇದ್ದರಂತೂ ತಪ್ಪಿಸುವಂತೆಯೇ ಇಲ್ಲ. ಆಮೆಯ ಮೈಮೇಲಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮಕ್ಕಳಿಗೆ ಹಬ್ಬಿದ ಕಾರಣಕ್ಕೇ ಅಮೆರಿಕ ತನ್ನದೇ ನೆಲದ ಸ್ಲೈಡರ್ ಸೇರಿದಂತೆ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲೇ ನಿಲ್ಲಿಸಿತು. ನಮ್ಮ ಅಂಗಡಿಗಳಲ್ಲಿ ಮಾರುವುದು ಅದಕ್ಕಿಂತ ಚಿಕ್ಕ ಮರಿಗಳನ್ನೇ.

ಒಂಟಿಯಾಗಿಟ್ಟರೆ ಆಮೆಗೆ ಬೇಜಾರಾಗುವುದಿಲ್ಲವೇ ಎಂದು ಹುಡುಗನ ತಾಯಿ ಕೇಳಿದರು. ಜೊತೆಗಾರ ಬೇಕೆಂಬುದು ಮನುಷ್ಯರ, ಕುರಿ ಆಕಳುಗಳ ಸ್ವಭಾವ. ಸಾಕುವ ಬಹುತೇಕ ಸರೀಸೃಪಗಳು ಕೂಡುವ ಕಾಲ ಬಿಟ್ಟರೆ ಒಂಟಿಯಾಗಿ ಬಾಳುವಂಥವು. ಬೇಸರ ಕಳೆಯಬೇಕೆಂದಿದ್ದರೆ ಅಡಗಲು ಇನ್ನೊಂದು ಮರೆ, ಹತ್ತಲು ಇನ್ನೊಂದು ಕೊಂಬೆ, ಅಗೆಯಲು ಆಳದ ಮಣ್ಣು, ಹುಡುಕಿ ತಿನ್ನುವಂತೆ ಇಟ್ಟ ಆಹಾರ ಕೊಡಬಹುದು. ಇನ್ನೊಂದು ಜಾತಿಯ ಪ್ರಾಣಿಯನ್ನು ತಂದು ಬಿಟ್ಟರೆ ಸಂತೋಷವಾಗುವುದು ತೊಟ್ಟಿಯ ಹೊರಗೆ ನಿಂತು ನೋಡುವ ನಮಗೆ.

ಸ್ಲೈಡರ್‌ಗಳು ಇನ್ನೂ ಆ ಮನೆಯಲ್ಲಿವೆ. ಮೂರು ಸೆಂಟಿಮೀಟರಿನ ಮರಿ ಬೆಳೆದರೆ 25 ಸೆಂಟಿಮೀಟರ್ ದಾಟಬಹುದು, ಚೆನ್ನಾಗಿ ನೋಡಿಕೊಂಡರೆ 30 ವರ್ಷವೂ ಬದುಕುತ್ತದೆ. ಹುಡುಗ ನೌಕರಿಗೆಂದು ಊರು ಬಿಟ್ಟ ಮೇಲೂ ಅವು ಇರುತ್ತವೆ. ಆಗ "ಪಾಪ, ನೀರಿಗೆ ಬಿಟ್ಟರಾತು" ಎಂದು ಮಲಪ್ರಭೆಗೋ ಗುಡ್ಡದ ಹೊಂಡಕ್ಕೋ ಬಿಡುವುದೇ ದೊಡ್ಡ ಅನಾಹುತ. ಗುವಾಹಟಿಯ ಉಗ್ರತಾರಾ ದೇವಸ್ಥಾನದ ಕೊಳದಲ್ಲಿ ಸ್ಲೈಡರ್ ಕಾಣಿಸಿಕೊಂಡಿತು. ಕೇರಳದ ತ್ರಿಶ್ಶೂರಿನ ಕಾಲುವೆಯಲ್ಲೂ ಸಿಕ್ಕಿ, ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಬೇಡವಾದ ಸ್ಲೈಡರ್‌ಗಳನ್ನು ನೀರಿಗೆ ಬಿಡದೆ ತಮಗೆ ತಂದುಕೊಡಿ ಎಂದು ಜನರಲ್ಲಿ ಕೇಳಿಕೊಂಡರು. ಕೆರೆಗೆ ಬಿಟ್ಟ ಸ್ಲೈಡರ್ ತೊಟ್ಟಿಯಲ್ಲಿ ಮಾಡಿದ್ದನ್ನೇ ಇಡೀ ಕೆರೆಯಲ್ಲಿ ಮಾಡುತ್ತದೆ, ನಮ್ಮ ಹಳ್ಳದ ಆಮೆಯ ಬಿಸಿಲಿನ ಜಾಗ, ಮೀನು, ಬಸವನಹುಳು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ, ತನ್ನ ರೋಗವನ್ನು ಬಿಟ್ಟು ಹೋಗುತ್ತದೆ. ಸಾಕಲು ಆಗದ ದಿನ ಬಂದರೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ ಕೇಳಿ, ಅಲ್ಲಿಯ ತನಕ ಮುಚ್ಚಳವಿರುವ, ನೀರು ಹೊರಗೆ ಹರಿದು ಹಳ್ಳ ಸೇರದ ಜಾಗದಲ್ಲಿ ಇಡಿ.